ಮದ್ದಿನ ತೋಟದ ಬೀಗರೂಟ

ಚನ್ನಪಟ್ಟಣದ ದೇವರಾಜಯ್ಯನವರು ಯಾರಿಗೂ ಒಂದು ತೊಟ್ಟು ವಿಷ ಹಾಕಿದವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆಯುವುದನ್ನೆಲ್ಲ ಕೇಳಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಅವರ ಬೀಗರೂ ನಂಬಲಿಲ್ಲ.

ದೇವರಾಜಯ್ಯ ಮೂವತ್ತೊಂದು ವರ್ಷ ಒಂದು ಕಾಲೇಜಿನ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದರು. ಗಾಜಿನ ಸಾಮಾನು ತೊಳೆಯುವುದು, ಒಣಗಿದ ಎಲೆಗೆ ಚೀಟಿ ಅಂಟಿಸುವುದು, ಮೇಷ್ಟ್ರು "ದೇವರಾಜಾ, ದತ್ತೂರಿ ತಗೊಂಬಾ" ಅಂದಾಗ ಬದನೆ ತರದೆ ದತ್ತೂರಿಯನ್ನೇ ತರುವುದು, ಇಷ್ಟು ಕೆಲಸ. ರಿಟೈರ್ ಆದ ಹೊಸದರಲ್ಲಿ ಬೀದಿಯವರು ಯಾರೋ "ಏನ್ ಲೆಕ್ಚರರ್ ಸಾಯೇಬ್ರೆ, ಆರಾಮಾ?" ಅಂದರು. ತಿದ್ದಬಹುದಿತ್ತು. ಆದರೆ ಆಗ ಬಾಯಲ್ಲಿ ಎಲೆಅಡಿಕೆ ತುಂಬಿತ್ತು. ಉಗಿದು ಬಂದು ತಿದ್ದೋಣ ಅಂದುಕೊಂಡರು. ಉಗಿದು ಬರುವಷ್ಟರಲ್ಲಿ ಆ ಮನುಷ್ಯ ಹೋಗಿಬಿಟ್ಟಿದ್ದ. ಹೀಗೆ ದೇವರಾಜಯ್ಯ ಯಾವ ಪರೀಕ್ಷೆಯನ್ನೂ ಬರೆಯದೆ ಲೆಕ್ಚರರ್ ಆದರು.

ಲೆಕ್ಚರರ್ ಆದ ಮೇಲೆ ಒಂದು ತೋಟ ಬೇಡವೆ? ಮನೆಗೂ ಕಾಂಪೌಂಡಿಗೂ ನಡುವೆ ಒಂದು ಎಮ್ಮೆ ಹೋದರೆ ಹಿಂದಕ್ಕೆ ತಿರುಗಲಾರದಷ್ಟು ಜಾಗ ಇತ್ತು. ಅಲ್ಲಿ ಕಣಗಿಲೆ, ಕಾಶಿ ಕಣಗಿಲೆ, ದತ್ತೂರಿ, ಬೆಂಕಿ ಉರಿದ ಹಾಗೆ ಅರಳುವ ಗೌರಿ ಹೂವಿನ ಬಳ್ಳಿ, ಇವನ್ನೆಲ್ಲ ಹಾಕಿದರು. ನೋಡಲು ಚೆಂದ, ತಿಂದರೆ ಆಸ್ಪತ್ರೆ. ಇವೇ ಯಾಕೆ ಅಂದರೆ ದನ ಮೇಯುವುದಿಲ್ಲ ಅನ್ನುವುದು ನಿಜವಾದ ಕಾರಣ. ಜನಕ್ಕೆ ಅವರು ಹೇಳುತ್ತಿದ್ದ ಕಾರಣ ಬೇರೆ: "ಇವೆಲ್ಲಾ ಮದ್ದಿನ ಗಿಡಗಳು ಕಣಪ್ಪ."

ಇಲ್ಲಿ ಆ 'ಮದ್ದು' ಅನ್ನುವ ಮಾತನ್ನು ಸ್ವಲ್ಪ ವಿಚಾರಿಸಿಕೊಳ್ಳಬೇಕು. ಎಲ್ಲರ ಹಾಗೆ ಅವರೂ ಔಷಧಿ ಅನ್ನುತ್ತಿದ್ದವರೇ. ಬೀಳ್ಕೊಡುಗೆ ಸಮಾರಂಭದಲ್ಲಿ ಕನ್ನಡದ ಮೇಷ್ಟ್ರೊಬ್ಬರು "ಔಷಧಿ ಸಂಸ್ಕೃತ, ಮೆಡಿಸಿನ್ ಇಂಗ್ಲಿಷು, ಮದ್ದು ಅನ್ನೋದು ನಮ್ಮ ಅಚ್ಚಗನ್ನಡ!" ಎಂದು ಮೇಜು ಗುದ್ದಿದ್ದರು. ಹಾರ ಹಾಕಿಸಿಕೊಂಡು ಕೂತಿದ್ದ ದೇವರಾಜಯ್ಯನಿಗೆ ಆ ಗುದ್ದು ತಲೆಯಲ್ಲಿ ಉಳಿದುಬಿಟ್ಟಿತು. ಅವತ್ತಿನಿಂದ ಅವರ ಬಾಯಲ್ಲಿ ಮದ್ದೇ.

ಆದರೆ ನಮ್ಮ ಸೀಮೆಯಲ್ಲಿ, ರಾಮನಗರದಿಂದ ಮಾಗಡಿವರೆಗೆ ಯಾವ ಹಟ್ಟಿಯಲ್ಲಿ ಕೇಳಿದರೂ ಮದ್ದಿಗೆ ಇನ್ನೊಂದು ಅರ್ಥ ಇದೆ. ಆಗದವರು ಸಾರಲ್ಲೋ ಪಾಯಸದಲ್ಲೋ ಕಲಸಿ ಗೊತ್ತಾಗದ ಹಾಗೆ ತಿನ್ನಿಸಿಬಿಡುತ್ತಾರಲ್ಲ, ಅದು. ಅದು ಕಪ್ಪಗಿದೆಯೋ ಬೆಳ್ಳಗಿದೆಯೋ ಕಂಡವರಿಲ್ಲ. ತಿಂದವರು ಮಾತ್ರ ಊರು ತುಂಬ ಇದ್ದಾರೆ. ಊಟ ಸೇರದಿದ್ದರೆ ಮದ್ದು, ಕೂದಲು ಉದುರಿದರೆ ಮದ್ದು, ಮಗ ಹೆಂಡತಿ ಮಾತು ಕೇಳಿದರಂತೂ ದೊಡ್ಡ ಮದ್ದು. ಈ ಅರ್ಥ ದೇವರಾಜಯ್ಯನಿಗೂ ಚಿಕ್ಕಂದಿನಲ್ಲಿ ಗೊತ್ತಿತ್ತು. ಅಚ್ಚಗನ್ನಡ ಕಲಿತ ಮೇಲೆ ಮರೆತುಹೋಗಿತ್ತು.

ಮಗಳು ಪದ್ಮಶ್ರೀಯನ್ನು ಸೋಲೂರಿನ ಮುನಿಯಪ್ಪನ ಮಗ ಜಯಕುಮಾರನಿಗೆ ಕೊಟ್ಟು ಮದುವೆ ಆಯಿತು. ಮದುವೆ ಆದ ಮೇಲೆ ಬೀಗರೂಟ. ಗಂಡಿನವರು ಒಂದು ಸಲ, ಹೆಣ್ಣಿನವರು ಒಂದು ಸಲ, ಒಬ್ಬರಿಗೊಬ್ಬರು ಬಾಡೂಟ ಹಾಕಬೇಕು. ಮೊದಲನೆಯದು ಸೋಲೂರಲ್ಲಿ. ದೇವರಾಜಯ್ಯ ಬರಿಗೈಲಿ ಹೋಗಬಾರದೆಂದು ದೊಡ್ಡ ಪೊಟ್ಟಣ ಮದ್ದೂರು ವಡೆ ಹಿಡಿದುಕೊಂಡು ಹೋದರು. ಬೀಗಿತ್ತಿ ಬೈರಮ್ಮ ಎಲೆ ಮುಂದೆ ಕೂರುವ ಮೊದಲೇ ನಾಲ್ಕು ವಡೆ ಮುಗಿಸಿ, ಆಮೇಲೆ ಬೋಟಿ ಗೊಜ್ಜಿಗೆ ಕೈ ಹಾಕಿದರು.

ಬೀಗ ಮುನಿಯಪ್ಪ ಮುದ್ದೆ ಮುರಿಯುತ್ತಾ ಮೊಣಕೈಯಿಂದ ತೋರಿಸಿದರು. "ನೋಡಿ ಬೀಗ್ರೆ, ಆ ಬೇಲಿಯಿಂದ ಆ ಕಟ್ಟೆಗಂಟ ಎಲ್ಲಾ ನಮ್ದೇ ತೆಂಗು. ಕೊಟ್ಟಿಗೇಲಿ ಆರು ಸೀಮೆಹಸ ಅವೆ. ನಿಮ್ದೇನಾರ ತ್ವಾಟ ಗೀಟ ಐತಾ, ಇಲ್ಲಾ ಬರೀ ಪುಸ್ತಕವಾ?"

"ಐತೆ ಬೀಗ್ರೆ." ದೇವರಾಜಯ್ಯ ಗಂಟಲು ಸರಿಮಾಡಿಕೊಂಡರು. "ನಂದು ಮದ್ದಿನ ತೋಟ."

ಬೈರಮ್ಮನ ಬಾಯಿಗೆ ಹೊರಟಿದ್ದ ತುತ್ತು ಗದ್ದದ ಹತ್ತಿರ ನಿಂತಿತು.

"ಏನಂದ್ರಿ?" ಅಂದರು ಮುನಿಯಪ್ಪ.

"ಮದ್ದು. ಎಲ್ಲಾ ವಿಷದ ಗಿಡಗಳೇ. ಆದ್ರೆ ವಿಷ ಬೇರೆ ಅಲ್ಲ, ಮದ್ದು ಬೇರೆ ಅಲ್ಲ. ಎಲ್ಲಾ ಪ್ರಮಾಣದ ಮೇಲೆ ನಿಂತದೆ."

"ಪ್ರಮಾಣ ಅಂದ್ರೆ?"

"ಎಷ್ಟ್ ಹಾಕ್ಬೇಕು ಅನ್ನೋದು. ಗೊತ್ತಿಲ್ದೋರು ಒಂದೇ ಸಲಕ್ಕೆ ಜಾಸ್ತಿ ಹಾಕ್ಬುಡ್ತಾರೆ, ಸಿಕ್ಹಾಕ್ಕೊಳ್ತಾರೆ."

"ನೀವು?"

"ನಾನು ಮೂವತ್ತೊಂದ್ ವರ್ಷದಿಂದ ಅದ್ರಲ್ಲೇ ಇದೀನಲ್ಲ!" ಪಂಕ್ತಿಯಲ್ಲಿದ್ದವರೆಲ್ಲ ಮುದ್ದೆ ಬಿಟ್ಟು ಅವರ ಮುಖವನ್ನೇ ನೋಡಿದರು. ದೇವರಾಜಯ್ಯ ಇದನ್ನು ಗೌರವ ಎಂದು ತಿಳಿದರು. ಉಬ್ಬಿ ಹೇಳಿದರು: "ಈ ಭಾನುವಾರ ಬಿಟ್ಟು ಆಚೆ ಭಾನುವಾರ ಎಲ್ಲಾರೂ ನಮ್ಮನೇಗೆ ಬರ್ಬೇಕು. ನಾನೇ ನಿಂತು ಹಾಕಿಸ್ತೀನಿ. ಒಬ್ರನ್ನೂ ಬಿಡಲ್ಲ."

ಅವರು ಹೇಳಿದ್ದು ಊಟದ ಮಾತು. ಪಂಕ್ತಿಯಲ್ಲಿದ್ದವರು ಕೇಳಿದ್ದು ಬೇರೆ ಮಾತು.

ಮದುವೆಗೆಂದು ಮಾಡಿದ್ದ ವಾಟ್ಸಾಪ್ ಗುಂಪು ಇನ್ನೂ ಹಾಗೇ ಇತ್ತು. ಮನೆಗೆ ಬಂದ ದೇವರಾಜಯ್ಯ, ಬೀಗರಿಗೆ ತೋಟದ ಮೇಲೆ ಆಸಕ್ತಿ ಹುಟ್ಟಿದೆ ಅಂದುಕೊಂಡು, ಒಂದೊಂದೇ ಗಿಡದ ಫೋಟೋ ಹಿಡಿದು ಹಾಕತೊಡಗಿದರು. ಕಣಗಿಲೆಯ ಫೋಟೋ ಕೆಳಗೆ: 'ಇದು ನೇರವಾಗಿ ಹೃದಯಕ್ಕೆ.' ದತ್ತೂರಿ ಕೆಳಗೆ: 'ಇದು ಕಣ್ಣಿಗೆ. ಪಾಪೆ ಇಷ್ಟಗಲ ತೆರೆಯುತ್ತದೆ.' ಗೌರಿ ಹೂವಿನ ಕೆಳಗೆ: 'ಗೆಡ್ಡೆ ಬಲು ವಿಷ. ಕೀಲುವಾತ ಇರುವವರು ಯಾರು ಯಾರು? ಹೆಸರು ಕೊಡಿ.'

ಇವೆಲ್ಲ ನಿಜವೇ. ಡಾಕ್ಟರರು ಕೊಡುವ ಮಾತ್ರೆ, ಕಣ್ಣಿಗೆ ಬಿಡುವ ಹನಿ, ರಕ್ತದ ಕ್ಯಾನ್ಸರಿಗೆ ಹಾಕುವ ಇಂಜೆಕ್ಷನ್ನು, ಎಷ್ಟೋ ಇಂಥ ಗಿಡಗಳಿಂದಲೇ ಬಂದವು. ಮೇಷ್ಟ್ರು ಪಾಠ ಮಾಡುವಾಗ ದೇವರಾಜಯ್ಯ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಕೇಳಿದ್ದರು. ಆದರೆ ಪಾಠದ ಮೊದಲರ್ಧ ಕೇಳಿ, ಇನ್ನರ್ಧಕ್ಕೆ ಟೀ ತರಲು ಹೋಗುತ್ತಿದ್ದರು. ಆದ್ದರಿಂದ ಅವರ ವಿದ್ಯೆಯೆಲ್ಲ ಅರ್ಧರ್ಧ. 'ಹೃದಯಕ್ಕೆ' ಅನ್ನುವುದು ಗೊತ್ತು, ಹೃದಯಕ್ಕೆ ಏನಾಗುತ್ತದೆ ಅನ್ನುವಾಗ ಅವರು ಟೀ ಅಂಗಡಿಯಲ್ಲಿದ್ದರು.

ಫೋಟೋ ಹಾಕಿದ ಹಾಗೆ ಗುಂಪಿನಿಂದ ಒಬ್ಬೊಬ್ಬರೇ ಹೊರಗೆ ಹೋದರು. ಸೋಲೂರಿನ ಚಿಕ್ಕಪ್ಪ ಹೊರಗೆ. ಸೋದರತ್ತೆ ಹೊರಗೆ. ಮರಳವಾಡಿಯಿಂದ ಒಬ್ಬರು 'ನನಗೆ ಕೀಲು ಚೆನ್ನಾಗಿವೆ' ಎಂದು ಬರೆದು ಹೊರಗೆ.

"ನೆಟ್‌ವರ್ಕ್ ಪ್ರಾಬ್ಲಮ್ಮು" ಅಂದರು ದೇವರಾಜಯ್ಯ.

ಮರುವಾರದ ಬುಧವಾರ ಪದ್ಮಶ್ರೀ ಫೋನು ಮಾಡಿದಳು. ನೇರವಾಗಿ ಅಮ್ಮನಿಗೆ. ನಾಗಲಕ್ಷ್ಮಮ್ಮ ಕೇಳುತ್ತಾ ಕೇಳುತ್ತಾ ಮುದ್ದೆ ತಿರುವುವ ಹಿಟ್ಟಿನ ಕೋಲು ಕೈಗೆ ತೆಗೆದುಕೊಂಡದ್ದು ನೋಡಿ ದೇವರಾಜಯ್ಯ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು.

"ಏನೂಂದ್ರೆ, ಅವತ್ತು ಪಂಕ್ತೀಲಿ ಕೂತ್ಕಂಡು ಮದ್ದು ಹಾಕ್ತೀನಿ ಅಂದ್ರಾ?"

"ಮದ್ದಿನ ತೋಟ ಅಂದೆ. ಅಚ್ಚಗನ್ನಡ ಅದು."

"ನಿಮ್ಮ ಅಚ್ಚಗನ್ನಡಕ್ಕಷ್ಟು ಬೆಂಕಿ ಹಾಕ! ಬೀಗಿತ್ತಿಗೆ ಅವತ್ತಿಂದ ವಟ್ಟೆ ಉಬ್ರಂತೆ. ವಡೇಲಿ ಮದ್ದು ಹಾಕ್ಕೊಟ್ಟವ್ರೆ ಅಂತ ಊರೆಲ್ಲಾ ಆಗದೆ. ಮದ್ದೂರು ವಡೆ ಅಂತ ಹೆಸರಲ್ಲೇ ಐತಲ್ಲಪ್ಪ, ನಾವೇ ಗಮನಿಸ್ನಿಲ್ಲ ಅಂತವ್ರಂತೆ! ಮದ್ದು ತೆಗೆಯೋ ಮಾರಕ್ಕನ್ನ ಬೇರೆ ಕರ್ಸವ್ರಂತೆ. ನನ್ ಮಗಳ ಕೈಲಿ ಒಂದ್ ಲೋಟ ನೀರು ಈಸ್ಕತಾ ಇಲ್ವಂತೆ. ಅಡುಗೆಮನೆ ಹೊಸ್ಲು ತುಳೀಬೇಡ ಅಂದವ್ರಂತೆ."

ದೇವರಾಜಯ್ಯನ ತಲೆಯೊಳಗೆ, ಅಚ್ಚಗನ್ನಡದ ಅಡಿಯಲ್ಲಿ, ಅವರಜ್ಜಿ ಹೇಳುತ್ತಿದ್ದ ಮದ್ದು ನಿಧಾನವಾಗಿ ಮೇಲೆದ್ದು ಬಂತು. ಅವರು ಅಲ್ಲೇ ಜಗಲಿಯ ಮೇಲೆ ಕೂತರು.

"ಭಾನುವಾರ ಅವ್ರು ಬಂದು ನಮ್ಮನೇಲಿ ಉಣ್ಣಬೇಕು" ಅಂದರು ನಾಗಲಕ್ಷ್ಮಮ್ಮ. "ಉಣ್ಣದೆ ಎದ್ದೋದ್ರೆ, ಮದ್ದಿನ ಮನೆ ಹೆಣ್ಣು ಅಂತ ನನ್ ಮಗಳು ಸಾಯೋಗಂಟ ಅನ್ನಿಸ್ಕಬೇಕು. ತಿಳ್ಕಳಿ."

"ಈಗಲೇ ಸರಿಮಾಡ್ತೀನಿ" ಎಂದು ದೇವರಾಜಯ್ಯ ಫೋನು ತೆಗೆದು, ಗುಂಪಿನಲ್ಲಿ ಉಳಿದಿದ್ದವರಿಗೆ ಬಹಳ ಯೋಚಿಸಿ ಬರೆದರು: 'ಮಾನ್ಯರೇ, ಮದ್ದು ಎಂದರೆ ನೀವು ತಿಳಿದಂತಲ್ಲ. ವಡೆಯಲ್ಲಿ ನಾನು ಹೆಚ್ಚಿಗೆ ಏನೂ ಹಾಕಿಲ್ಲ. ಎಲ್ಲರೂ ಹಾಕುವಷ್ಟೇ. ಭಾನುವಾರ ಬಂದಾಗ ಪೂರ್ತಿ ಗೊತ್ತಾಗುತ್ತದೆ.'

ಗುಂಪಿನಲ್ಲಿ ಅವರೊಬ್ಬರೇ ಉಳಿದರು.

ಸುದ್ದಿ ಸೋಲೂರಿನಿಂದ ಚನ್ನಪಟ್ಟಣಕ್ಕೆ ಬಸ್ಸಿಗಿಂತ ಬೇಗ ಬಂತು. ಬೀದಿಯಲ್ಲಿ ಎದುರಿಗೆ ಸಿಕ್ಕವರು "ಊಟ ಆಯ್ತಾ?" ಎಂದು ಕೇಳಿ, ದೇವರಾಜಯ್ಯ "ಬನ್ನಿ ಮಾಡಣ" ಅನ್ನುವ ಮೊದಲೇ ಓಡುತ್ತಿದ್ದರು. ಬಾಡೂಟ ಮಾಡಲು ಒಪ್ಪಿಕೊಂಡಿದ್ದ ಅಡುಗೆಯವನು ಬಂದು ಸೌಟು ಮುಟ್ಟದೆ ಕೈ ಮುಗಿದ: "ಸಾ, ಹಾಕೋರು ನೀವು, ಹೆಸರು ಬರಾದು ನಂಗೆ. ನನಗೂ ಹೆಂಡ್ತಿ ಮಕ್ಕಳವ್ರೆ."

"ಲೇ, ಮಸಾಲೆ ಬಿಟ್ಟು ನಾವೇನೂ ಹಾಕಲ್ಲ ಕಣ್ಲಾ!"

"ಯಾವ ಮಸಾಲೆ ಅಂತ ನೀವು ಹೇಳ್ನಿಲ್ವಲ್ಲ ಸಾ." ಹೊರಟೇಹೋದ.

ಪಕ್ಕದ ಮನೆಯ ಹಫೀಜಾ ಕಾಂಪೌಂಡಿನ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದಳು. ಬೊಂಬೆಗೆ ಬಣ್ಣ ಹಚ್ಚುವ ಕೆಲಸ ಅವಳದು. ಬೆರಳೆಲ್ಲ ಕೆಂಪು ಹಳದಿ. "ನಾಗಲಕ್ಷ್ಮಕ್ಕಾ, ಅಳಬೇಡ" ಅಂದಳು. "ನಮ್ಮಲ್ಲೂ ಅಂತಾರೆ, ಖಿಲಾ ದಿಯೆ, ತಿನ್ನಿಸ್ಬುಟ್ರು ಅಂತ. ನಮ್ಮತ್ತೆ ಇಪ್ಪತ್ ವರ್ಷ ನನ್ನೇ ಅಂತಿದ್ರು. ಇಪ್ಪತ್ ವರ್ಷನೂ ನನ್ ಕೈ ಅಡುಗೇನೇ ತಿಂದ್ರು, ಚೆನ್ನಾಗೇ ಇದ್ರು. ನಾನು ಬತ್ತೀನಿ, ಇಬ್ರೂ ಸೇರಿ ಮಾಡಣ. ಅಣ್ಣಂಗೆ ಮಾತ್ರ ಒಂದ್ ಕೆಲಸ ಹೇಳು."

"ಏನು?"

"ಬಾಯಿ ಮುಚ್ಕೊಂಡಿರೋದು."

ಆ ಕೆಲಸ ದೇವರಾಜಯ್ಯನಿಂದ ಒಂದು ದಿನವೂ ಆಗಲಿಲ್ಲ. ಯಾಕೆಂದರೆ ಶುಕ್ರವಾರ ಆರೋಗ್ಯ ಇಲಾಖೆಯಿಂದ ಅಶೋಕ್ ಎಂಬ ಇನ್‌ಸ್ಪೆಕ್ಟರು ಬೈಕಿನಲ್ಲಿ ಬಂದಿಳಿದರು. ಯಾರೋ ಫೋನು ಮಾಡಿ, ಈ ಮನೆಯಲ್ಲಿ ವಿಷ ಬೆಳೆಯುತ್ತಾರೆ ಎಂದಿದ್ದರಂತೆ.

"ನಾನು ಇದನ್ನೆಲ್ಲಾ ನಂಬಲ್ಲ ಸಾರ್" ಅಂದರು ಅಶೋಕ್, ಗೇಟಿನ ಆಚೆಯಿಂದಲೇ. "ಸೈನ್ಸ್ ಓದಿದೋನು ನಾನು. ಫಾರ್ಮ್ಯಾಲಿಟಿ ಅಷ್ಟೇ."

"ಒಳಗ್ ಬನ್ನಿ, ಕಾಫಿ ಕುಡೀರಿ."

"ಅಯ್ಯೋ ಕುಡಿಯಣ. ಸಕ್ಕರೆ ಹಾಕ್ಬೇಡಿ, ಶುಗರ್ ಇದೆ."

"ಆಯ್ತು."

"ಹಾಲೂ ಬೇಡ, ಅಜೀರ್ಣ."

"ಬ್ಲ್ಯಾಕ್ ಕಾಫಿ ಕೊಡ್ತೀವಿ."

"ಕಾಫಿ ಪುಡಿ ಬಿ.ಪಿ.ಗಾಗಲ್ಲ. ಬಿಸಿನೀರು ಹಲ್ಲಿಗಾಗಲ್ಲ. ಒಂದ್ ಕೆಲಸ ಮಾಡಿ ಸಾರ್, ಖಾಲಿ ಲೋಟ ಕೊಡಿ, ಮರ್ಯಾದೆಗೆ ಹಿಡ್ಕೊಂಡಿರ್ತೀನಿ."

ಖಾಲಿ ಲೋಟ ಹಿಡಿದುಕೊಂಡೇ ಅಶೋಕ್ ತೋಟ ನೋಡಿದರು. ನಾಲ್ಕು ಹೆಜ್ಜೆಗೆ ತೋಟ ಮುಗಿಯಿತು.

"ಇದು ಕಣಗಿಲೆ ಅಲ್ವಾ? ಇದು ವಿಷ ಅಂತ ಒಪ್ಕೊಳ್ತೀರಾ?"

"ಎಲೆಯಿಂದ ಬೇರಿನವರೆಗೂ ವಿಷ" ಅಂದರು ದೇವರಾಜಯ್ಯ. ಎಷ್ಟಾದರೂ ಲೆಕ್ಚರರ್. "ಆದ್ರೆ ಹೈವೇ ಮಧ್ಯದಲ್ಲಿ ಉದ್ದಕ್ಕೂ ಇದನ್ನೇ ಹಾಕವ್ರೆ ಸಾರ್. ಅವ್ರ ಮನೇಗೂ ಹೋಗ್ತೀರಾ?"

ಅಶೋಕ್ ಯೋಚಿಸಿದರು. ಹೈವೇಯವರ ಮನೆ ಯಾವುದು ಅಂತ ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ಫಾರಂ ತೆಗೆದು ತುಂಬಿದರು. ಜಾಗದ ವಿಸ್ತೀರ್ಣ: ಎಮ್ಮೆ ತಿರುಗದಷ್ಟು. ಬೆಳೆ: ವಿಷ. ಉದ್ದೇಶ ಎಂಬಲ್ಲಿ ಪೆನ್ನು ನಿಂತಿತು.

"ಏನಂತ ಬರೀಲಿ ಸಾರ್?"

ದೇವರಾಜಯ್ಯ ಬಾಯಿ ತೆರೆದರು. ಅಡುಗೆಮನೆಯಿಂದ ನಾಗಲಕ್ಷ್ಮಮ್ಮ ಕೂಗಿದರು: "ಆ ಮಾತು ಆಡಿದ್ರೆ ನೋಡಿ ಮತ್ತೆ!"

"ಚೆಂದಕ್ಕೆ" ಅಂದರು ದೇವರಾಜಯ್ಯ.

ಅಶೋಕ್ ಹಾಗೇ ಬರೆದುಕೊಂಡು, ಖಾಲಿ ಲೋಟವನ್ನು ಕೆಳಗಿಟ್ಟು, ಕೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡರು. ದೇವರಾಜಯ್ಯ ಅವರನ್ನೂ ಭಾನುವಾರದ ಊಟಕ್ಕೆ ಕರೆದರು. ಸರ್ಕಾರದವರು ಒಬ್ಬರಿದ್ದರೆ ಧೈರ್ಯ. ಅಶೋಕ್ "ಡ್ಯೂಟಿ ಮೇಲೆ ಬತ್ತೀನಿ" ಅಂದರು. ಡ್ಯೂಟಿ ಮೇಲಿರುವವರು ತಿನ್ನಲೇಬೇಕು ಅಂತ ಇಲ್ಲವಲ್ಲ.

ಭಾನುವಾರ ಬಂತು. ಮನೆ ಮುಂದೆ ಶಾಮಿಯಾನ ಹಾಕಿಸಿದ್ದರು. ಹಫೀಜಾಳೂ ನಾಗಲಕ್ಷ್ಮಮ್ಮನೂ ಬೆಳಗಿನ ಜಾವದಿಂದ ಒಲೆ ಮುಂದೆ ಬೆಂದು, ಅರವತ್ತು ಜನಕ್ಕೆ ಮುದ್ದೆ, ಮಟನ್ ಸಾರು, ನಾಟಿ ಕೋಳಿ ಫ್ರೈ, ಬೋಟಿ ಮಾಡಿಟ್ಟಿದ್ದರು. ವಾಸನೆ ಮೂರು ಬೀದಿ ದಾಟಿ ಹೋಗಿ ಓಡಿಹೋಗಿದ್ದ ಅಡುಗೆಯವನ ಮೂಗಿಗೂ ತಟ್ಟಿತಂತೆ. ಬೀಗರು ಬರುವುದೇ ಇಲ್ಲ ಅಂತ ದೇವರಾಜಯ್ಯ ಹತ್ತು ಸಲ ಹೇಳಿದ್ದರು. ಹನ್ನೊಂದನೇ ಸಲ ಹೇಳುವಾಗ ಎರಡು ಟೆಂಪೋ ಬಂದು ನಿಂತವು.

"ಬಂದ್ರು ಕಣೇ! ಎಲ್ಲಾರೂ ಬಂದವ್ರೆ!"

ಬಂದಿದ್ದರು, ನಿಜ. ಬೀಗರೂಟಕ್ಕೆ ಹೋಗದಿದ್ದರೆ ನೆಂಟಸ್ತಿಕೆಯೇ ಕಡಿದ ಹಾಗೆ. ಅದಕ್ಕೆ ಮುನಿಯಪ್ಪ ಮನೆಯಲ್ಲಿ ಪಂಚಾಯ್ತಿ ಸೇರಿಸಿ ತೀರ್ಮಾನ ಮಾಡಿದ್ದರು: ಬರ್ನಿಲ್ಲ ಅನ್ನಿಸ್ಕಬಾರ್ದು, ತಿಂದ್ವಿ ಅನ್ನಿಸ್ಕಬಾರ್ದು. ಅರವತ್ತು ಜನ ಕೈ ತೊಳೆದು ಪಂಕ್ತಿಯಲ್ಲಿ ಕೂತರು. ಎಲೆ ಹಾಕಿದ್ದಾಯಿತು. ಪದ್ಮಶ್ರೀ ತವರಿನ ಸಂಭ್ರಮದಲ್ಲಿ ತಾನೇ ಮುದ್ದೆಯ ತಟ್ಟೆ ಹಿಡಿದು ಬಂದು, ಒಂದೊಂದು ಎಲೆಗೂ ಒಂದೊಂದು ಇಟ್ಟಳು. ಯಾರೂ ಮುಟ್ಟಲಿಲ್ಲ. ಒಬ್ಬೊಬ್ಬರೂ ಚೀಲದಿಂದ ಪೇಪರ್ ಪೊಟ್ಟಣ ತೆಗೆದು ಬಿಚ್ಚಿದರು. ಅರವತ್ತು ಪೊಟ್ಟಣ ಚಿತ್ರಾನ್ನ.

"ತಪ್ ತಿಳ್ಕಬ್ಯಾಡಿ ಬೀಗ್ರೆ" ಅಂದರು ಮುನಿಯಪ್ಪ. ಕಣ್ಣು ಮಟನ್ ಹಂಡೆಯ ಮೇಲೇ ಇತ್ತು. "ನಂಗೆ ಒಸಿ ಪತ್ಯ."

"ಅರವತ್ತು ಜನಕ್ಕೂ?"

"ಇದು ಮನೆತನದ್ ಪತ್ಯ."

ಪದ್ಮಶ್ರೀ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಳು. ನಾಗಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ. "ನನ್ ಎಲೆ ಮ್ಯಾಲೆ ನಿಮ್ಮ ಚಿತ್ರಾನ್ನ ಉಣ್ಣಕ್ಕೆ ಬಂದ್ರಾ ಬೀಗಿತ್ತಿ? ಹಿಂಗ್ ಮಾಡೋದಕ್ಕಿಂತ ಮುಖಕ್ ಹೊಡೆದು ಹೋಗಿದ್ರೆ ಚೆನ್ನಾಗಿತ್ತು."

"ಮುಖಕ್ಕೇ ಹೇಳ್ತೀನಿ ಕೇಳಿ" ಎಂದು ಬೈರಮ್ಮ ಎದ್ದರು. "ಹನ್ನೆರಡು ದಿನದಿಂದ ವಟ್ಟೆ ಕಲ್ಲಾಗದೆ ನಂಗೆ. ಮಾರಕ್ಕನ್ನ ಕರ್ಕಬಂದಿವ್ನಿ. ಎಲ್ಲಾರ ಎದುರಿಗೆ ನೋಡ್ಲಿ. ಇಲ್ಲ ಅಂದ್ರೆ ನಿಮ್ಮ ಕಾಲಿಗೆ ಬೀಳ್ತೀನಿ. ಐತೆ ಅಂದ್ರೆ, ನಿಮ್ಮ ಮಗಳು ಇಲ್ಲೇ ಇರ್ಲಿ, ನಾವ್ ಹೊಂಟೋಯ್ತೀವಿ."

"ಅವ್ವಾ!" ಅಂದ ಜಯಕುಮಾರ.

"ನೀ ಸುಮ್ಕಿರ್ಲಾ. ನಿಂಗೂ ಹಾಕವ್ರೆ ಅಂತ ಕಾಣ್ತದೆ, ಅದ್ಕೇ ಅವಳ ಕಡೇನೇ ನೋಡ್ತಿಯ."

ಮಾರಕ್ಕ ಮುಂದೆ ಬಂದಳು. ಕಾಸಗಲ ಕುಂಕುಮ, ಬಾಯಿ ತುಂಬ ಹೊಗೆಸೊಪ್ಪು, ಸೊಂಟದಲ್ಲಿ ಒಂದು ಗಂಟು. ಗಂಟಿನಿಂದ ಒಂದು ಹಿಡಿ ಸೊಪ್ಪು ತೆಗೆದು ನೀರು ಚಿಮುಕಿಸಿ ಹಿಂಡಿ, ಕಡು ಹಸಿರು ರಸವನ್ನು ಬೈರಮ್ಮನ ಅಂಗೈಗೆ ಬಿಟ್ಟಳು. "ಮದ್ದು ಇಲ್ದಿದ್ರೆ ರಸ ನೀರಂಗೇ ಇರ್ತದೆ. ಇದ್ರೆ ಕಟ್ಕತದೆ. ಯಾರೂ ಉಸಿರಾಡಬ್ಯಾಡಿ."

ಅರವತ್ತು ಜನ ಉಸಿರು ಹಿಡಿದರು. ಸಾರು ಆರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮಾರಕ್ಕ ಬೈರಮ್ಮನ ಕೈಯನ್ನು ಪಟ್ಟನೆ ಬೋರಲು ಮಾಡಿದಳು. ರಸ ಬೀಳಲಿಲ್ಲ! ಹಸಿರು ಹಲ್ವದ ಹಾಗೆ ಅಂಗೈಗೆ ಅಂಟಿಕೊಂಡಿತ್ತು.

"ಕಟ್ಕತು!"

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಪದ್ಮಶ್ರೀ ಕೈಯಿಂದ ತಟ್ಟೆ ಜಾರಿತು. ಮುನಿಯಪ್ಪ ಟೆಂಪೋ ಡ್ರೈವರಿಗೆ ಸನ್ನೆ ಮಾಡಿದರು. ಆಗ ದೇವರಾಜಯ್ಯ ಬಗ್ಗಿ, ಮಾರಕ್ಕ ಹಿಂಡಿ ಬಿಸಾಡಿದ್ದ ಸೊಪ್ಪನ್ನು ಎತ್ತಿ ಮೂಸಿ ನೋಡಿದರು.

ಅವರ ವಿದ್ಯೆಯೆಲ್ಲ ಅರ್ಧರ್ಧ ಅಂದೆನಲ್ಲ. ಆದರೆ ಈ ಸೊಪ್ಪಿನ ವಿಷಯದಲ್ಲಿ ಅವರನ್ನು ಮೀರಿಸುವ ಪಂಡಿತ ಈ ಜಿಲ್ಲೆಯಲ್ಲಿಲ್ಲ. ವರ್ಷಕ್ಕೊಂದು ಸಲ ಲ್ಯಾಬಿನಲ್ಲಿ ಹುಡುಗಿಯರು ಇದನ್ನು ಗಾಜಿನ ಲೋಟದಲ್ಲಿ ಹಿಂಡಿಟ್ಟು ಊಟಕ್ಕೆ ಹೋಗುತ್ತಿದ್ದರು. ಬರುವಷ್ಟರಲ್ಲಿ ರಸ ಗಟ್ಟಿಯಾಗಿ ಕೂತಿರುತ್ತಿತ್ತು. ಅದನ್ನು ಬೆರಳು ಹಾಕಿ ಕೆರೆದು, ಬೂದಿ ಹಾಕಿ ತಿಕ್ಕಿ, ಮತ್ತೂ ಹೋಗದೆ ಬೈದುಕೊಂಡವರು ಯಾರು? ಮೂವತ್ತೊಂದು ವರ್ಷ!

"ದಾಗಡಿ!" ಎಂದು ದೇವರಾಜಯ್ಯ ಕ್ಲಾಸಿಗೇ ಕೂಗುವವರಂತೆ ಕೂಗಿದರು. "ಇದು ದಾಗಡಿ ಬಳ್ಳಿ ಸೊಪ್ಪು! ಇದರ ಗುಣವೇ ಕಟ್ಕೊಳ್ಳೋದು! ಯಾರ ಕೈಗಾದ್ರೂ ಹಿಂಡಿ ನೋಡಿ! ನನ್ ಕೈಗೆ ಹಿಂಡಿ! ಆ ಲೋಟಕ್ಕೆ ಹಿಂಡಿ!"

"ಹಿಂಡಣ ಕೊಡಿ ಇಲ್ಲಿ" ಎಂದು ಹಫೀಜಾ ಮಾರಕ್ಕನ ಗಂಟಿಗೇ ಕೈ ಹಾಕಿದಳು. ದೇವರಾಜಯ್ಯನ ಕೈಗೆ, ಮುನಿಯಪ್ಪನ ಕೈಗೆ, ಮುನಿಯಪ್ಪನ ತಮ್ಮನ ಕೈಗೆ, ಡ್ಯೂಟಿ ಮೇಲೆ ಬಂದು ಮೂಲೆಯಲ್ಲಿ ನಿಂತಿದ್ದ ಅಶೋಕ್ ಕೈಗೆ, ಒಂದು ಸ್ಟೀಲ್ ಲೋಟಕ್ಕೆ, ಎಲ್ಲಕ್ಕೂ ಹಿಂಡಿದಳು. ಮತ್ತೆ ಉಸಿರು ಹಿಡಿದದ್ದಾಯಿತು. ಮತ್ತೆ ಕೈ ಬೋರಲು ಮಾಡಿದ್ದಾಯಿತು.

ಯಾರ ಕೈಯಿಂದಲೂ ಒಂದು ತೊಟ್ಟು ಬೀಳಲಿಲ್ಲ.

"ನೋಡಿದ್ರಾ?" ಎಂದು ದೇವರಾಜಯ್ಯ ಗೆದ್ದವರಂತೆ ಸುತ್ತ ನೋಡಿದರು. "ಏನರ್ಥ ಆಯ್ತು?"

ಎಲ್ಲರಿಗೂ ಒಂದೇ ಅರ್ಥ ಆಗಿತ್ತು. ಅದು ದೇವರಾಜಯ್ಯನಿಗೆ ಆದ ಅರ್ಥ ಆಗಿರಲಿಲ್ಲ.

"ನಂಗೂ ಹಾಕವ್ರೆ!" ಅಂದರು ಮುನಿಯಪ್ಪ, ಅಂಗೈ ನೋಡಿಕೊಂಡು. ತಮ್ಮನ ಕಡೆ ತಿರುಗಿದರು. "ನೀನೇ ಕಣ್ಲಾ! ಹೋದ ಯುಗಾದೀಲಿ ಒಬ್ಬಟ್ಟು ಕಳ್ಸಿದ್ಯಲ್ಲ! ಅದ್ಕೇ ನಾನು ನಿನಗೆ ಆ ಬದು ಬಿಟ್ಕೊಟ್ಟೆ!"

"ನಂಗೂ ಕಟ್ಕಂಡದಲ್ಲಪ್ಪೋ!" ಎಂದು ತಮ್ಮ ಕೈ ಎತ್ತಿ ತೋರಿಸಿದ. "ನಮ್ಮತ್ತಿಗೆ ಮಾಡೋ ಉಪ್ಪಿಟ್ಟು ತಿನ್ನೋವಾಗ್ಲೇ ಅಂದ್ಕಂಡೆ!"

"ನಿಮ್ಮತ್ತಿಗೆ ಅಂದ್ರೆ ಯಾರ್ಲಾ? ನಾನೇ ತಾನೆ!" ಎಂದು ಬೈರಮ್ಮ ಹಸಿರು ಕೈ ಬೀಸಿದರು.

"ಸಾರ್, ನಾನು ಇದನ್ನೆಲ್ಲಾ ನಂಬಲ್ಲ" ಎಂದು ಅಶೋಕ್ ದೇವರಾಜಯ್ಯನ ಕಿವಿಯಲ್ಲಿ ಹೇಳಿದರು. "ಆದ್ರೆ ನಮ್ ಆಫೀಸಲ್ಲಿ ನಂಗ್ಯಾರು ಹಾಕಿರಬೋದು ಅಂತೀರಾ? ಟ್ರಾನ್ಸ್‌ಫರ್ ಕೇಳಿ ಮೂರ್ ವರ್ಷ ಆಯ್ತು, ಆಗ್ತಾನೇ ಇಲ್ಲ."

"ಲೋಟಕ್ಕೂ ಕಟ್ಕಂಡದಲ್ಲ, ಲೋಟಕ್ ಯಾರು ಹಾಕ್ತಾರೆ ಮಾರಕ್ಕಾ?" ಎಂದು ಹಫೀಜಾ ಕೇಳಿದಳು.

"ಆ ಲೋಟದಲ್ಲಿ ಯಾರೋ ಮದ್ದು ತಿಂದೋರು ನೀರ್ ಕುಡುದವ್ರೆ" ಅಂದಳು ಮಾರಕ್ಕ, ಸ್ವಲ್ಪವೂ ಅಲ್ಲಾಡದೆ.

"ಹಂಗಾ? ಕೈ ಕೊಡು." ಮಾರಕ್ಕ ಏನೆಂದು ಕೇಳುವ ಮೊದಲೇ ಹಫೀಜಾ ಕೊನೆಯ ಹಿಡಿ ಸೊಪ್ಪನ್ನು ಅವಳ ಅಂಗೈಗೇ ಹಿಂಡಿಬಿಟ್ಟಳು.

ಜಗಳ ನಿಂತಿತು. ಎಲ್ಲರೂ ಸುತ್ತ ನೆರೆದರು. ಮೂವತ್ತು ಹಳ್ಳಿಯ ಮದ್ದು ತೆಗೆದ ಕೈ ಅದು. ಹೊತ್ತು ಹೋಯಿತು. ಮಾರಕ್ಕ ತಾನೇ ಮೆಲ್ಲಗೆ ಕೈಯನ್ನು ಬೋರಲು ಮಾಡಿದಳು. ಅಂಟಿದ್ದು ಅಲ್ಲಾಡಲಿಲ್ಲ. ಅವತ್ತು ಕಟ್ಟಿಕೊಂಡದ್ದರಲ್ಲೆಲ್ಲ ಗಟ್ಟಿ ಅದೇ.

ಮಾರಕ್ಕ ಅಂಗೈ ನೋಡಿದಳು. ಜನದ ಮುಖ ನೋಡಿದಳು. ಆಮೇಲೆ ಮಟನ್ ಹಂಡೆ ನೋಡಿದಳು. ಬೆಳಿಗ್ಗೆಯಿಂದ ಅವಳೂ ಏನೂ ತಿಂದಿರಲಿಲ್ಲ. ಹೊಗೆಸೊಪ್ಪನ್ನು ಉಗಿದು ಬಂದು, ಸೆರಗಿಗೆ ಕೈ ಒರೆಸಿಕೊಂಡು, ತೀರ್ಪು ಕೊಟ್ಟಳು.

"ಎಲ್ಲಾರ ವಟ್ಟೇಲೂ ಐತೆ ಅಂದ್ಮೇಲೆ ಅದ್ನ ಮದ್ದು ಅನ್ನಾಕಾಯ್ತದೇನ್ರವ್ವಾ? ಅದು ಊಟ."

ಹೇಳಿ, ಮುನಿಯಪ್ಪನ ಎಲೆಯ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತು, ಆರಿದ ಮುದ್ದೆಯನ್ನು ಪಕ್ಕಕ್ಕೆ ಸರಿಸಿದಳು. "ಬಿಸೀದು ಹಾಕವ್ವಾ ಪದ್ಮಾ. ಮೂಳೆ ಇರೋ ತುಂಡು ನೋಡಿ ಬಿಡು."

"ಅದು ನನ್ ಎಲೆ!" ಅಂದರು ಮುನಿಯಪ್ಪ.

"ನಿಮ್ಗೆ ಪತ್ಯ ಅಲ್ವಾ?"

"ಪತ್ಯ ಈಗ್ ಮುಗೀತು!"

ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲುತ್ತಾರೆಯೇ? ಅರವತ್ತು ಜನ ಪೊಟ್ಟಣಗಳನ್ನು ಬೆನ್ನ ಹಿಂದಕ್ಕೆ ತಳ್ಳಿ ಎಲೆಗೆ ಅಂಟಿಕೊಂಡರು. ಅಶೋಕ್ ಡ್ಯೂಟಿಯನ್ನು ಜೇಬಿಗೆ ಹಾಕಿಕೊಂಡು ಕೂತರು. ಬೈರಮ್ಮ ಮಾತ್ರ ಬಿಗಿದುಕೊಂಡು ನಿಂತಿದ್ದರು. ಹಸಿವೆಗೂ ಹಟಕ್ಕೂ ಮುಖದಲ್ಲಿ ಕುಸ್ತಿ ನಡೆಯುತ್ತಿತ್ತು. ಪದ್ಮಶ್ರೀ ಸಾರಿನ ಬಕೆಟ್ ಹಿಡಿದು ಅತ್ತೆಯ ಮುಂದೆ ಬಂದು, ಹಾಕಲೋ ಬೇಡವೋ ಎಂದು ನಿಂತಳು. ಬೋಟಿಯ ವಾಸನೆ ಬೈರಮ್ಮನ ಮೂಗಿಗೆ ಹೊಡೆಯಿತು. ಅವರು ದೊಪ್ಪನೆ ಕೂತರು.

"ಹಾಕು ಮಗಾ. ಆ ಮಾರಿಗೆ ಹಾಕಿದ್ದಕ್ಕಿಂತ ಜಾಸ್ತಿ ಹಾಕು. ಅತ್ತೆ ನಾನಾ, ಅವಳಾ?"

ಪದ್ಮಶ್ರೀ ಹಾಕಿದಳು. ಬೈರಮ್ಮ ಮೊದಲ ತುತ್ತು ಕಣ್ಣು ಮುಚ್ಚಿಕೊಂಡು ನುಂಗಿದರು. ಎರಡನೆಯದು ಕಣ್ಣು ಬಿಟ್ಟುಕೊಂಡು. ಮೂರನೆಯದಕ್ಕೆ "ಸೋಲೂರಲ್ಲಿ ಉಪ್ಪು ಒಸಿ ಮುಂದಾಗಿತ್ತು, ಇದು ಸರ್ಯಾಗದೆ" ಅಂದರು. ಐದನೇ ಮುದ್ದೆಗೆ ಒಂದು ದೊಡ್ಡ ತೇಗು ಬಂತು. ಹನ್ನೆರಡು ದಿನದ ಉಬ್ಬರ ಅದರಲ್ಲೇ ಹೊರಟುಹೋಯಿತು. ಮದ್ದು ಬಿದ್ದುಹೋಯ್ತು ಎಂದು ಮಾರಕ್ಕ ಬಾಯಿ ತುಂಬಿಕೊಂಡೇ ಸಾರಿದಳು.

ದೇವರಾಜಯ್ಯನಿಗೆ ಸಂತೋಷ ತಡೆಯಲಾಗಲಿಲ್ಲ. ಪಂಕ್ತಿಯ ನಡುವೆ ನಿಂತು, ದಾಗಡಿ ಯಾಕೆ ಕಟ್ಟಿಕೊಳ್ಳುತ್ತದೆ ಅನ್ನುವುದನ್ನು ವಿವರಿಸಲು ಕೈ ಎತ್ತಿದರು. ಹಾಗೆ ನೋಡಿದರೆ ಅದು ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ. ಪಾಠ ಅಲ್ಲಿಗೆ ಬರುವ ಹೊತ್ತಿಗೆ ಟೀ ತರಲು ಹೋಗಿದ್ದರು. ಯಾರೂ ಕೇಳಲೂ ಇಲ್ಲ. ಬಡಿಸುವವರು ಅವರನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋದರು.

ಸಂಜೆ ಟೆಂಪೋ ಹೊರಟಾಗ ಬೈರಮ್ಮ ಸೊಸೆಯನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ಕಿಟಕಿಯಿಂದ ತಲೆ ಹಾಕಿ, "ಬೀಗಿತ್ತೀ, ನಾಳೆಯಿಂದ ಅಡುಗೆ ಇವಳ್ದೇ! ಈ ಬೋಟಿ ಇವ್ಳಿಗೂ ಕಲ್ಸಿದ್ದೀರ ತಾನೆ?" ಎಂದು ಕೂಗಿದರು. ನಾಗಲಕ್ಷ್ಮಮ್ಮ ಕಣ್ಣೊರೆಸಿಕೊಂಡು ಕೈ ಬೀಸಿದರು. ಹಫೀಜಾಳೂ ತನ್ನ ಪಾಲಿನ ಕೋಳಿ ಡಬ್ಬಿಗೆ ಹಾಕಿಕೊಂಡು ಮನೆಗೆ ಹೋದಳು.

ಆಮೇಲೆ ಗಂಡ ಹೆಂಡತಿ ಹಂಡೆ ಬಗ್ಗಿಸಿ ನೋಡಿದರು. ತಳದಲ್ಲಿ ಒಂದು ಏಲಕ್ಕಿ ಸಿಪ್ಪೆ ಇತ್ತು. ಮುದ್ದೆ ಇಲ್ಲ, ಸಾರಿಲ್ಲ, ಬೋಟಿಯ ಪಾತ್ರೆಯನ್ನು ಯಾರೋ ಬೆರಳಲ್ಲಿ ಬಳಿದು ಹೋಗಿದ್ದರು. ಇಬ್ಬರೂ ಬೆಳಿಗ್ಗೆಯಿಂದ ಒಂದು ತುತ್ತು ತಿಂದಿರಲಿಲ್ಲ. ಶಾಮಿಯಾನದ ಕೆಳಗೆ ಮಾತ್ರ ಬೀಗರು ಬಿಟ್ಟುಹೋದ ಪೊಟ್ಟಣಗಳು ಸಾಲಾಗಿ ಬಿದ್ದಿದ್ದವು. ಅರವತ್ತು ಪೊಟ್ಟಣ, ಬೈರಮ್ಮನ ಕೈಯ ಚಿತ್ರಾನ್ನ.

ದೇವರಾಜಯ್ಯ ಒಂದು ಪೊಟ್ಟಣ ಎತ್ತಿ ಬಿಚ್ಚಿ, ಹೆಂಡತಿಯ ಕಡೆ ಚಾಚಿದರು. "ಬಾರೇ, ಇಬ್ರೂ ತಿನ್ನಣ."

ನಾಗಲಕ್ಷ್ಮಮ್ಮ ಚಿತ್ರಾನ್ನವನ್ನು ನೋಡಿದರು. ಬಗ್ಗಿ ಇನ್ನೊಂದು ಸಲ ನೋಡಿದರು. ಆಮೇಲೆ ಹಿಂದಕ್ಕೆ ಸರಿದು ಜಗಲಿಯ ಮೇಲೆ ಕೂತರು.

"ನೀವು ಮೊದ್ಲು ತಿನ್ನಿ" ಅಂದರು. "ನಾನು ಒಸಿ ಹೊತ್ತು ನೋಡ್ಕಂಡು ತಿಂತೀನಿ."